ಚೆಂಡು ಗಾಳಿಯಲ್ಲಿದ್ದಾಗ ಮೈಕ್ ಮುಚ್ಚಿರಬೇಕು

ಮೂವತ್ತಾರನೆಯ ವಯಸ್ಸಿಗೆ ನಿವೃತ್ತಿ ಹೊಂದುವವರು ಎರಡೇ ಬಗೆಯ ಜನ. ಒಂದು ವೇಗದ ಬೌಲರುಗಳು, ಇನ್ನೊಂದು ನಾನು. ಅವರಿಗೆ ಬೆನ್ನು ಹೋಗುತ್ತದೆ, ನನಗೆ ಗಂಟಲು ಹೋಯಿತು. ನಿಪ್ಪಾಣಿಯ ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, "ಒಳಗ ಸಣ್ಣ ಗಂಟ ಆಗ್ಯಾವ. ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದರು.

"ಮಾತಾಡ್ತೀನ್ರಿ."

"ಎಲ್ಲಾರೂ ಮಾತಾಡ್ತಾರ. ಕೆಲಸಾ ಏನಂದೆ."

"ಅದ ಹೇಳಿದ್ನೆಲ್ರಿ. ಎಲ್ಲಾರೂ ಹೆಂಗ ಮಾತಾಡ್ತಾರೋ ಹಂಗ ಮಾತಾಡ್ತೀನ್ರಿ."

ಅವರ ಧ್ವನಿಯಲ್ಲೇ ಹೇಳಿ ತೋರಿಸಿದೆ. ಡಾಕ್ಟರು ಕನ್ನಡಿ ತೊಳೆಯುತ್ತಾ, "ಇನ್ನ ಬಿಡ್ರಿ" ಎಂದರು.

ಹೀಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಾಲೇಜು ಹುಡುಗರ ವಾಲಿಬಾಲ್ ಗುಂಪಿನ ಮೈಕನ್ನು ನಾನು ಕೆಳಗಿಟ್ಟೆ. ಹದಿನಾರು ವರ್ಷ ಹಿಡಿದಿದ್ದೆ. ನನ್ನ ನಂತರ ಅದನ್ನು ಹಿಡಿಯುವವರಿಗೆ ನಾಲ್ಕು ಮಾತು ಬರೆದಿಡು ಎಂದು ಹೇಳಿದವರು ಚೌಗಲಾ ಸರ್. ಚಿಕ್ಕೋಡಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಗುಂಪಿನ ಸಂಚಾಲಕರು, ಮತ್ತು ನನ್ನನ್ನು ಒಂದು ದಿನವೂ ಪೂರ್ತಿ ಹೆಸರಿನಿಂದ ಕರೆಯದವರು.

"ಬಾಳ್ಯಾ, ಮಾತಾಡಾಕ ಬರಂಗಿಲ್ಲಂದ್ರ ಬರೀಲೇ. ಬರಿಯುವಾಗರ ಮಂದಿ ಧ್ವನಿ ತಗೀಬ್ಯಾಡ."

ಬರೆಯುತ್ತಿದ್ದೇನೆ. ಎರಡನೆಯ ಮಾತಿನ ಬಗ್ಗೆ ಭರವಸೆ ಕೊಡಲಾರೆ.

ನಾನು ಮೂಲತಃ ಮಾತುಗಾರನಲ್ಲ, ವಾಯರು ಎಳೆಯುವವನು. ಚಿಕ್ಕೋಡಿಯಲ್ಲಿ ನಮ್ಮ ಸೋದರಮಾವನ ಮೈಕ್ ಸೆಟ್ ಅಂಗಡಿ ಇತ್ತು. ಮದುವೆಗೆ, ಮುಂಜಿಗೆ, ಪ್ರಚಾರಕ್ಕೆ ಹೋದ ಹಾಗೆಯೇ ವಾಲಿಬಾಲಿಗೂ ಹೋಗಿದ್ದೆ. ಬೇವಿನ ಮರಕ್ಕೆ ಎರಡು ಕರ್ಣೆ, ಅಂದರೆ ಹಾರ್ನ್ ಸ್ಪೀಕರು, ಕಟ್ಟಿ ಕೆಳಗಿಳಿಯುವಷ್ಟರಲ್ಲಿ, ಅಂಕ ಹೇಳಬೇಕಾಗಿದ್ದ ಅಧ್ಯಾಪಕರು ಬರಲಿಲ್ಲ ಎಂದು ಗೊತ್ತಾಯಿತು. ಚೌಗಲಾ ಸರ್ ಸುತ್ತ ನೋಡಿದರು. ಮೈಕಿನ ಹತ್ತಿರ ಇದ್ದವನು ನಾನೊಬ್ಬನೇ. "ಹಲೋ ಚೆಕ್ ಅನ್ನಾಕ ಬರ್ತೈತಲ್ಲಾ, ಹಂಗ ಅಂಕಾನೂ ಹೇಳು" ಎಂದರು. ನನಗೆ ಸ್ವಂತ ಧ್ವನಿಯಲ್ಲಿ ಹೇಳಲು ನಾಚಿಕೆಯಾಯಿತು. ಉದ್ಘಾಟನೆಗೆ ಬಂದು ಒಂದು ತಾಸು ಮಾತಾಡಿ ಹೋಗಿದ್ದ ಪ್ರಿನ್ಸಿಪಾಲರ ಧ್ವನಿ ಕಿವಿಯಲ್ಲೇ ಇತ್ತು. ಅದರಲ್ಲೇ, "ಆತ್ಮೀಯ ವಿದ್ಯಾರ್ಥಿ ಮಿತ್ರರೇ, ಅಥಣಿ ಏಳು, ಚಿಕ್ಕೋಡಿ ನಾಲ್ಕು, ಇದು ಅತ್ಯಂತ ವಿಷಾದದ ಸಂಗತಿ" ಎಂದೆ. ಮೈದಾನ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ಚಹಾ ಕುಡಿಯುತ್ತಿದ್ದ ಕೋಣೆಯಿಂದ ಹೊರಬಂದು, ತಾವು ಇನ್ನೂ ಮಾತಾಡುತ್ತಿದ್ದೇವೋ ಏನೋ ಎಂಬಂತೆ ನೋಡಿದರಂತೆ.

ಕೆಲಸ ಸಿಕ್ಕಿದ್ದು ಹಾಗೆ. ಬಡ್ತಿಯ ವಿಷಯ ಹೇಳುವುದಿಲ್ಲ. ಮೊದಲು ನಿಂತು ಹೇಳುತ್ತಿದ್ದೆ, ಆಮೇಲೆ ಕುರ್ಚಿ ಕೊಟ್ಟರು. ಅಷ್ಟೇ.

ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಮೈಕ್ ಅಲ್ಲ, ಹಲಗೆ. ಗುಂಪಿಗೆ ಒಂದು ಸಾಗವಾನಿ ಹಲಗೆ ಇದೆ. ಎಣ್ಣೆ ಡಬ್ಬಿಯ ತಗಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದೊಂದರ ಮೇಲೂ ಒಂದು ಕಾಲೇಜಿನ ಊರು ಬರೆದು, ಹಲಗೆಗೆ ಮೊಳೆ ಹೊಡೆಯುತ್ತಾರೆ. ಹೊಸ ಕಾಲೇಜು ಸೇರಿದಾಗ ಅದರ ನಿರ್ದೇಶಕರೇ ಬಂದು ತಮ್ಮ ಕೈಯಾರೆ ತಗಡು ಹಚ್ಚಬೇಕು. ಬಿಡುವವರೂ ತಮ್ಮ ಕೈಯಾರೆಯೇ ಕೀಳಬೇಕು. ಪತ್ರ, ಸಹಿ, ಶಿಕ್ಕಾ ಎಲ್ಲ ಆಮೇಲೆ. ನಾನು ಆ ಹಲಗೆಯನ್ನು ಮೈಕ್ ಸೆಟ್ಟಿನ ಟೆಂಪೋದಲ್ಲಿ ಊರಿಂದ ಊರಿಗೆ ಹೊತ್ತವನು. ಗುಂಪಿನ ಇತಿಹಾಸ ನನಗೆ ಗೊತ್ತಿರುವುದು ಮೊಳೆಯ ತೂತುಗಳಿಂದ.

ಮೊದಲು ಐದು ತಗಡು: ಚಿಕ್ಕೋಡಿಯವು ಎರಡು, ನಿಪ್ಪಾಣಿ, ಅಥಣಿ, ರಾಯಬಾಗ ಒಂದೊಂದು. ಒಬ್ಬೊಬ್ಬರದು ಒಂದೊಂದು ಗುಣ. ನಿಪ್ಪಾಣಿಯವರು ಅಂಕವನ್ನು ಮರಾಠಿಯಲ್ಲೂ ಹೇಳು ಎನ್ನುತ್ತಿದ್ದರು, ಹೇಳಿದರೆ "ತುಝಂ ಮರಾಠಿ ಐಕೂನ್ ಹರಲೋ ರೇ" ಎಂದು ನನ್ನ ಮರಾಠಿಗೇ ಸೋಲಿನ ಹೊಣೆ ಹೊರಿಸುತ್ತಿದ್ದರು. ಅಥಣಿಯವರು ದ್ರಾಕ್ಷಿ ತೋಟದ ಹುಡುಗರು. ಚಾಟ್ನಿಯ ದಿನಗಳಲ್ಲಿ, ಅಂದರೆ ಬಳ್ಳಿ ಸವರುವ ಕಾಲದಲ್ಲಿ, ಕತ್ತರಿ ಹಿಡಿದು ಹಿಡಿದು ಕೈ ಸೆಟೆದುಕೊಂಡಿರುತ್ತಿತ್ತು, ಅಂಥ ಕೈಯಲ್ಲಿ ಹೊಡೆದ ಚೆಂಡು ಎಲ್ಲಿಗೆ ಹೋಗುತ್ತದೆಂದು ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. ರಾಯಬಾಗದವರು ಊಟ ಚೆನ್ನಾಗಿ ಹಾಕಿ ಎದುರಾಳಿಯನ್ನು ಸೋಲಿಸುತ್ತಿದ್ದರು. ಚಿಕ್ಕೋಡಿ ನಮ್ಮೂರು, ಆದ್ದರಿಂದ ದೋಷವಿಲ್ಲ.

ಆಮೇಲೆ ಆಟದ ಲೆಕ್ಕವೇ ಬದಲಾಯಿತು. ಮೊದಲು ಯಾರ ಕೈಯಲ್ಲಿ ಸರ್ವಿಸ್ ಇದೆಯೋ ಅವರಿಗೆ ಮಾತ್ರ ಅಂಕ. ಒಂದು ಸೆಟ್ಟು ನಡೆಯುವಾಗ ಹೋಗಿ ಕಟಿಂಗ್ ಮಾಡಿಸಿಕೊಂಡು ಬರಬಹುದಿತ್ತು. ಹೊಸ ಪದ್ಧತಿಯಲ್ಲಿ ಚೆಂಡು ಬಿದ್ದಾಗಲೆಲ್ಲ ಯಾರಿಗಾದರೂ ಒಂದು ಅಂಕ. ಮೊದಲ ದಿನ ನನ್ನ ನಾಲಿಗೆ ಹಳೆಯ ಪದ್ಧತಿಯಲ್ಲೇ ಓಡುತ್ತಿತ್ತು. ರಾಯಬಾಗ ಗೆದ್ದು ಕುಣಿಯುತ್ತಿರುವಾಗ ನಾನು, "ಇನ್ನ ಪಂದ್ಯ ಬಾಳ ಐತಿ, ಯಾರೂ ಏಳಬ್ಯಾಡ್ರಿ" ಎಂದು ಘೋಷಿಸಿದೆ. ಪ್ರೇಕ್ಷಕರು ಖಾಲಿ ಮೈದಾನ ನೋಡುತ್ತಾ ಬಹಳ ಹೊತ್ತು ಕುಳಿತರು. ಅದು ಚಿಕ್ಕ ತಪ್ಪು. ದೊಡ್ಡದು ಮುಂದಿದೆ.

ಒಂದು ವರ್ಷ ಚಿಕ್ಕೋಡಿಯ ಎರಡನೆಯ ಕಾಲೇಜಿನ ತಂಡವೇ ನಿಂತುಹೋಯಿತು. ತಗಡು ನಾಲ್ಕಾದವು. ಮೇಲಿನ ಕ್ರೀಡಾ ಸಮಿತಿಯದೊಂದು ಕಟ್ಟಳೆ ಇತ್ತು: ಐದು ಕಾಲೇಜು ಇಲ್ಲದಿದ್ದರೆ ಗುಂಪು ಇಲ್ಲ, ಎಲ್ಲರನ್ನೂ ದೊಡ್ಡ ವಲಯಕ್ಕೆ ಸೇರಿಸುತ್ತಾರೆ. ನಮ್ಮಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಆಡುತ್ತಾರೆ, ಸೋತರೂ ನಾಳೆ ಇನ್ನೊಂದು ಪಂದ್ಯ ಇರುತ್ತದೆ. ದೊಡ್ಡ ವಲಯದಲ್ಲಿ ಒಂದೇ ಪಂದ್ಯ, ಸೋತರೆ ನೇರ ಬಸ್ ಸ್ಟ್ಯಾಂಡ್. ಕಬ್ಬಿನ ಗದ್ದೆಯಿಂದ ಬಂದ ಹುಡುಗ ಬೂಟಿನ ದಾರ ಕಟ್ಟುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಆಗ ಕೈಹಿಡಿದದ್ದು ಕಾಗವಾಡ. ಅದಿನ್ನೂ ಅಥಣಿಯ ಮಗ್ಗುಲಲ್ಲಿದ್ದ ಊರು, ತಾಲೂಕಾಗಿರಲಿಲ್ಲ. ಸರ್ಕಾರ ತಾಲೂಕು ಮಾಡುವುದಕ್ಕಿಂತ ಎಷ್ಟೋ ವರ್ಷ ಮೊದಲೇ ನಾವು ಅದಕ್ಕೆ ಅಥಣಿಯ ಸರಿಸಮ ತಗಡು ಕೊಟ್ಟಿದ್ದೆವು. ಇದನ್ನು ನಾನು ಈಗಲೂ ಎದೆ ಉಬ್ಬಿಸಿ ಹೇಳುತ್ತೇನೆ. ಆ ತಗಡು ಹಚ್ಚಿದವರು ಅಲ್ಲಿಯ ನಿರ್ದೇಶಕರಾದ ಖೋತ ಸರ್. ಕಡಿಮೆ ಮಾತಿನ ಮನುಷ್ಯ. ಸುಣ್ಣದ ಗೆರೆಯನ್ನು ತಾವೇ ಎಳೆಯುವವರು. ಪಂದ್ಯದ ತುಂಬ ಸುಮ್ಮನೆ ಕುಳಿತು, ಚೆಂಡು ಗೆರೆಯಾಚೆ ಹೋಗುವಂತಿದ್ದಾಗ ಮಾತ್ರ ಒಂದು ಕೂಗು ಹಾಕುತ್ತಿದ್ದರು: "ಬಿಡು ಬಿಡು, ಔಟ್ ಐತಿ!" ಚಳಿಗಾಲದ ಬೆಳಿಗ್ಗೆ ಸುರುವಾಗುವ ಟ್ರ್ಯಾಕ್ಟರಿನ ಧ್ವನಿ. ಅವರ ಕಣ್ಣು ಒಮ್ಮೆಯೂ ತಪ್ಪುತ್ತಿರಲಿಲ್ಲ. ಹುಡುಗರು ಚೆಂಡನ್ನು ನೋಡುತ್ತಿರಲಿಲ್ಲ, ಆ ಕೂಗನ್ನು ಕೇಳುತ್ತಿದ್ದರು.

ಇಂಥ ಧ್ವನಿಯನ್ನು ನಾನು ಬಿಡುತ್ತೇನೆಯೇ? ಒಂದೇ ವಾರದಲ್ಲಿ ಕಲಿತೆ. ಮಧ್ಯಂತರದಲ್ಲಿ ಚಹಾ ಮಾರುವವನು ಲೋಟ ಹಿಡಿದು ಬಂದರೆ "ಬಿಡು ಬಿಡು, ಔಟ್ ಐತಿ!" ಎಂದು ಮೈಕಿನಲ್ಲಿ ಕೂಗುತ್ತಿದ್ದೆ. ಅವನು ಅಲ್ಲೇ ನಿಂತುಬಿಡುತ್ತಿದ್ದ. ಖೋತ ಸರ್ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ.

ಮೂರನೆಯ ವರ್ಷ ಕಾಗವಾಡ ಮೊದಲ ಬಾರಿ ಫೈನಲ್ಲಿಗೆ ಬಂತು. ಎದುರಿಗೆ ಚಿಕ್ಕೋಡಿ, ನಮ್ಮದೇ ಮೈದಾನ. ಐದನೆಯ ಸೆಟ್ಟು, ಚಿಕ್ಕೋಡಿಗೆ ಹದಿನಾಲ್ಕು, ಕಾಗವಾಡಕ್ಕೆ ಹದಿಮೂರು. ಚಿಕ್ಕೋಡಿಯ ಸರ್ವಿಸ್ ಎತ್ತರಕ್ಕೆ ಏರಿ ಹಿಂದಿನ ಗೆರೆಯ ಕಡೆಗೆ ಬರುತ್ತಿತ್ತು. ಅದರ ಕೆಳಗೆ ನಿಂತವನು ಸಂದೀಪ ಕಾಂಬಳೆ, ಅಂಕಲಿಯ ಹುಡುಗ. ಹತ್ತಿರದ ಚಿಕ್ಕೋಡಿ ಬಿಟ್ಟು, ಖೋತ ಸರ್ ಮೇಲಿನ ನಂಬಿಕೆಯಿಂದ ಕೃಷ್ಣಾ ದಾಟಿ ಕಾಗವಾಡಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದವನು. ಚೆಂಡು ಹೊರಗೆ ಬೀಳುತ್ತದೆ ಎಂದೇ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಒಳಗಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಬಿಡು ಬಿಡು, ಔಟ್ ಐತಿ!"

ಸಂದೀಪ ಎತ್ತಿದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ. ಚೆಂಡು ಗೆರೆಯ ಮೇಲೆ ಬಿತ್ತು. ಸುಣ್ಣದ ಪುಡಿ ಬೆಳ್ಳಗೆ ಎದ್ದಿತು. ಸುಣ್ಣ ಎದ್ದ ಮೇಲೆ ಒಳಗೋ ಹೊರಗೋ ಎಂದು ಯಾರೂ ವಾದ ಮಾಡುವಂತಿಲ್ಲ. ಚಿಕ್ಕೋಡಿ ಗೆದ್ದಿತು.

ಸಂದೀಪ ಖೋತ ಸರ್ ಕಡೆ ತಿರುಗಿದ. "ಸರ, ನೀವ ಅಂದ್ರೆಲ್ರಿ..."

"ನಾ ಅನ್ನಲಿಲ್ಲಪ" ಎಂದರು ಅವರು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ನಾನು ಮೈಕ್ ಬಂದ್ ಮಾಡಿದೆ, ಆ ದಿನ ಮಾಡಿದ ಮೊದಲ ಒಳ್ಳೆಯ ಕೆಲಸ, ಅರ್ಧ ನಿಮಿಷ ತಡವಾಗಿ.

ರೆಫರಿ ಪುಸ್ತಕ ತಿರುವಿ ಹಾಕಿದರು. ಮೈಕಿನವನ ಬಗ್ಗೆ ನಿಯಮವೇ ಇರಲಿಲ್ಲ. "ಚಿಕ್ಕೋಡಿ ಮೈಕ್, ಚಿಕ್ಕೋಡಿ ಕಪ್ಪ್" ಎಂದು ಯಾರೋ ಕೂಗಿದರು. ಖೋತ ಸರ್ ಕೂಗಲಿಲ್ಲ. ನನ್ನ ಟೆಂಪೋದ ಹತ್ತಿರ ಬಂದು, ಹಲಗೆಯಿಂದ ಕಾಗವಾಡದ ತಗಡನ್ನು ಇಕ್ಕಳದಿಂದ ಕಿತ್ತು, ಮೊಳೆಗಳ ಸಮೇತ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೋದರು.

ತಗಡು ಮತ್ತೆ ನಾಲ್ಕು. ದೀಪಾವಳಿ ರಜೆ ಮುಗಿಯುವುದರೊಳಗೆ ಐದು ಹೆಸರು ಕಳಿಸಿ, ಇಲ್ಲದಿದ್ದರೆ ಗುಂಪು ರದ್ದು ಎಂದು ಮೇಲಿನಿಂದ ಪತ್ರ ಬಂತು. ಚೌಗಲಾ ಸರ್ ನನ್ನನ್ನು ಕರೆದು ಪತ್ರ ತೋರಿಸಿದರು. "ಬಾಳ್ಯಾ, ನೀ ಒಂದ ಸಲ ಬಾಯಿ ತಗದಿದ್ದಕ್ಕ ನಾಕ ಊರಿನ ಆಟ ಬಂದ್ ಆಕ್ಕೈತಿ. ನಾ ಹೋದ್ರ ಖೋತ ಸರ್ ಚಹಾ ಕುಡಿಸಿ ಕಳಸ್ತಾರ. ಒಡದಾಂವ ನೀ, ಕೂಡಿಸಾಂವನೂ ನೀನ."

ಕಾಗವಾಡಕ್ಕೆ ಹೋದೆ. ಖೋತ ಸರ್ ಮೈದಾನದಲ್ಲಿ ದಾರ ಕಟ್ಟಿ ಸುಣ್ಣ ಹಾಕುತ್ತಿದ್ದರು. ನಾನು ಬರುತ್ತಿದ್ದಂತೆ ದಾರದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಇಡೀ ಅಂಗಳದ ಗೆರೆ ಮುಗಿಯುವವರೆಗೆ ಒಂದೂ ಮಾತಿಲ್ಲ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಟೂ ಕೊಡಲಾರದು.

"ಸರ್, ಮಾಫ್ ಮಾಡ್ರಿ" ಎಂದೆ ಕೊನೆಗೆ.

"ನನಗ್ಯಾಕ ಕೇಳ್ತೀಪಾ? ನನ್ನ ಧ್ವನಿ ನನ್ನ ಹಂತ್ಯಾಕ ಐತಿ. ಸಂದೀಪ ಆಟಾ ಬಿಟ್ಟಾನ. ಕಾಲೇಜಿಗೂ ಬರವಲ್ಲ. ಅವ ಮತ್ತ ಚೆಂಡ ಮುಟ್ಟಿದ ದಿನಾ ಈ ತಗಡ ಹಚ್ಚತೀನಿ." ಕಿಸೆ ತಟ್ಟಿ ತೋರಿಸಿದರು. ತಗಡು ಅಲ್ಲೇ ಇತ್ತು.

ಅಂಕಲಿಗೆ ಹೋದೆ. ಗೋಡೆಯ ಮೇಲೆ ಬುದ್ಧನ ಪಟವಿದ್ದ ಎರಡು ಖೋಲಿಯ ಮನೆ. ಸಂದೀಪನ ತಾಯಿ ಆಗಷ್ಟೇ ಕಬ್ಬಿನ ಕಳೆ ತೆಗೆದು ಬಂದು ಕಾಲು ತೊಳೆಯುತ್ತಿದ್ದರು.

"ಮೈಕಿನಾಂವ ಅಂದ್ರ ನೀನ ಏನು?"

"ಹೌದ್ರಿ ಅವ್ವಾ."

"ನನ್ನ ಮಗನ ಹೆಸರ ಹಿಡದ ಯಾರೂ ಕರಿಯಾಂಗಿಲ್ಲ ಈಗ. 'ಏ ಬಿಡು-ಬಿಡು' ಅಂತಾರ. ಎಣ್ಣಿ ತರಾಕ ಅಂಗಡಿಗೆ ಕಳಿಸಿದ್ರ, ಅಂಗಡ್ಯಾಂವನೂ 'ಎಣ್ಣಿ ತಗೋಂತಿಯೋ, ಬಿಡ್ತಿಯೋ' ಅಂತಾನ. ಹುಡುಗ ಹೊರಗ ಹೋಗೂದ ಬಿಟ್ಟಾನ."

ನಾನು ಎದ್ದು ನಿಂತು, "ನಡೆದ ಘಟನೆಗೆ ತೀವ್ರ ವಿಷಾದ ವ್ಯಕ್ತಪಡಿಸುತ್ತೇನೆ" ಎಂದೆ. ಹೇಳಿದ ಮೇಲೆ ತಿಳಿಯಿತು, ಬಾಯಿಂದ ಬಂದದ್ದು ನಮ್ಮ ಪ್ರಿನ್ಸಿಪಾಲರ ಧ್ವನಿ. ಹೆದರಿದಾಗ ನನಗೆ ಹಾಗಾಗುತ್ತದೆ.

ಆ ತಾಯಿ ಕಾಲು ತೊಳೆಯುವುದು ನಿಲ್ಲಿಸಿದರು. "ಇದ್ಯಾರ ಧ್ವನಿ? ನಿಂದ ಖರೇ ಧ್ವನಿ ಯಾವುದಪಾ?"

ಉತ್ತರ ಕೊಡಲು ಬಾಯಿ ತೆರೆದೆ. ಯಾವ ಧ್ವನಿಯಲ್ಲಿ ಕೊಡಬೇಕೆಂದು ತಿಳಿಯದೆ ಮುಚ್ಚಿದೆ.

ಒಳಗಿನಿಂದ ಸಂದೀಪ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಮೆಲ್ಲಗೆ ಕೇಳಿದ: "ಅಣ್ಣಾ, ಆ ಧ್ವನಿ ಇನ್ನೂ ಬರ್ತೈತೇನ್ರಿ ನಿಮಗ?"

"ಇನ್ನ ಮ್ಯಾಲ ತಗಿಯಾಂಗಿಲ್ಲೋ ತಮ್ಮಾ, ಆಣೆ ಮಾಡಿ ಹೇಳ್ತೀನಿ."

"ಹಂಗ ಮಾಡಬ್ಯಾಡ್ರಿ. ಮಾಫಿ ನನಗ ಬ್ಯಾಡ. ಆ ಧ್ವನಿ ತಗೊಂಡ ಐತವಾರ ನಮ್ಮೂರ ಮೈದಾನಕ ಬರ್ರಿ. ಸರ್‌ನೂ ಕರಕೊಂಡ ಬರ್ರಿ. ನನ್ನ ಕಾಡಸಾವ್ರು ಎಲ್ಲಾ ಅಲ್ಲೇ ಆಡ್ತಾರ."

ಐತವಾರ ಖೋತ ಸರ್ ಮೋಟಾರ್ ಸೈಕಲ್ ಮೇಲೆ ಬಂದರು. ಅಂಕಲಿಯ ಹುಡುಗರಿಗೆ ಒಂದು ತಾಸು ತಾವೇ ಆಟ ಹೇಳಿಕೊಟ್ಟರು. "ನಾ ಬಿಡು ಅಂದ್ರ ಬಿಡಬೇಕು, ಹೊಡಿ ಅಂದ್ರ ಹೊಡಿಬೇಕು" ಎಂದರು. ಹುಡುಗರು ಅವರ ಕೂಗಿಗೆ ಹೊಂದಿಕೊಂಡರು. ಆಮೇಲೆ ಸರ್ ಬಿಸಿಲಿಗೆಂದು ಮುಖಕ್ಕೆ ಟವೆಲು ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತರು. ನಾನು ಅವರ ಬೆನ್ನ ಹಿಂದಿನ ಗೋಡೆಯ ಮರೆಯಲ್ಲಿದ್ದೆ. ಸಂದೀಪನನ್ನು ಎಲ್ಲರಿಗಿಂತ ಹೆಚ್ಚು ಕಾಡಿಸುತ್ತಿದ್ದ ದಪ್ಪ ಮೀಸೆಯ ಹುಡುಗನೊಬ್ಬ ಹಿಂದಿನ ಗೆರೆಯಲ್ಲಿ ನಿಂತಿದ್ದ. ಚೆಂಡು ನೇರವಾಗಿ ಅವನ ಎದೆಗೇ ಬರುತ್ತಿತ್ತು. ಕುರುಡನೂ ಹೊಡೆಯುವಂಥ ಚೆಂಡು.

"ಬಿಡು ಬಿಡು, ಔಟ್ ಐತಿ!" ಎಂದೆ.

ಅವನು ಚೆಂಡಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ, ಮದುವೆ ಮನೆಯಲ್ಲಿ ಬೀಗರಿಗೆ ದಾರಿ ಬಿಟ್ಟ ಹಾಗೆ. ಚೆಂಡು ಗೆರೆಯಿಂದ ಎರಡು ಮಾರು ಒಳಗೆ ಬಿತ್ತು.

"ಸರ, ಚೆಂಡ ನಡಬರಕ ಬಿತ್ತಲ್ರಿ! ನೀವ್ಯಾಕ ಬಿಡು ಅಂದ್ರಿ?"

ಖೋತ ಸರ್ ಟವೆಲು ಬಿಚ್ಚಿದರು. "ನಾ ಬಾಯೇ ತಗದಿಲ್ಲಪ."

ನಾನು ಗೋಡೆಯ ಮರೆಯಿಂದ ಹೊರಬಂದೆ. ಸಂದೀಪ ಅಂಗಳದ ಅಂಚಿಗೆ ನಿಂತಿದ್ದ. "ಏನೋ ಬಿಡು-ಬಿಡು?" ಎಂದು ಮೀಸೆಯವನಿಗೆ ಕೇಳಿದ. ಇಡೀ ಮೈದಾನ ನಕ್ಕಿತು. ಮೀಸೆಯವನು ಮೊದಲು ಕೆಂಪಾದ, ಆಮೇಲೆ ತಾನೂ ನಕ್ಕ. "ಬಾರಲೇ ಸಂದ್ಯಾ, ಬಂದ ನಿಂದ್ರ. ನಾ ಏನು, ಈ ಧ್ವನಿ ಕೇಳಿದ್ರ ನಮ್ಮಪ್ಪನೂ ಬಿಡ್ತಿದ್ದ" ಎಂದು ಚೆಂಡನ್ನು ಅವನ ಕಡೆ ಎಸೆದ. ಸಂದೀಪ ಹಿಡಿದ.

ಖೋತ ಸರ್ ಕಿಸೆಗೆ ಕೈ ಹಾಕಿದರು. ಹಲಗೆ ಟೆಂಪೋದಲ್ಲೇ ಇತ್ತು. ಸುತ್ತಿಗೆ ಮರೆತಿದ್ದೆ. ಅವರು ಅಂಕಲಿಯ ಒಂದು ಕಲ್ಲಿನಿಂದಲೇ ಮೊಳೆ ಹೊಡೆದರು. ಆ ತಗಡು ಈಗಲೂ ಸ್ವಲ್ಪ ಸೊಟ್ಟಗಿದೆ. ಯಾರೂ ನೆಟ್ಟಗೆ ಮಾಡಬೇಡಿ.

ಐದು ಹೆಸರು ಹೋದವು, ಗುಂಪು ಉಳಿಯಿತು. ಚೌಗಲಾ ಸರ್ ನಿಯಮದ ಪುಸ್ತಕದ ಮೊದಲ ಪುಟದಲ್ಲಿ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ಚೆಂಡು ಗಾಳಿಯಲ್ಲಿದ್ದಾಗ ಮೈಕ್ ಮುಚ್ಚಿರಬೇಕು. ಎಲ್ಲರೂ ಅದನ್ನು ಬಾಳ್ಯಾನ ನಿಯಮ ಎನ್ನುತ್ತಾರೆ. ಆಟದಲ್ಲಿ ಹೆಸರು ಮಾಡಿದವರು ಬಹಳ ಜನ ಇದ್ದಾರೆ, ತಪ್ಪು ಮಾಡಿ ಪುಸ್ತಕ ಸೇರಿದವನು ನಾನೊಬ್ಬನೇ. ಮೈಕ್ ಹಿಡಿಯುವವರೇ, ಮಿಮಿಕ್ರಿ ಮಾಡಿ, ಯಾರನ್ನೂ ಬಿಡಬೇಡಿ, ಆದರೆ ಚೆಂಡು ಬೀಳಲಿ. ಗಾಳಿಯಲ್ಲಿರುವ ಚೆಂಡಿನ ಕೆಳಗೆ ಒಬ್ಬ ಹುಡುಗ ನಿಂತಿರುತ್ತಾನೆ.

ಆಮೇಲಿನ ವರ್ಷಗಳಲ್ಲಿ ಕರ್ಣೆ ಹೋಗಿ ದೊಡ್ಡ ಬಾಕ್ಸುಗಳು ಬಂದವು, ಅಂಕ ಬರೆಯುತ್ತಿದ್ದ ಕರಿ ಹಲಗೆಯ ಜಾಗದಲ್ಲಿ ಕೆಂಪು ದೀಪದ ಅಂಕಿಗಳು ಬಂದವು. ಸೀಮೆಸುಣ್ಣಕ್ಕೆ ಕರೆಂಟು ಹೋಗುವ ಭಯವಿರಲಿಲ್ಲ, ಆ ಕರಿ ಹಲಗೆಯನ್ನು ಈಗಲೂ ಟೆಂಪೋದಲ್ಲಿ ಇಟ್ಟಿದ್ದೇನೆ. ನಿಪ್ಪಾಣಿ ಒಮ್ಮೆ ಗಡಿಯಾಚೆಯ ಪಂದ್ಯಗಳ ಆಸೆಗೆ ತಗಡು ಕಿತ್ತುಕೊಂಡು ಹೋಗಿ, ಎರಡು ವರ್ಷದ ಮೇಲೆ ಅದೇ ತೂತಿಗೆ ಬಂದು ಹಚ್ಚಿತು. ರಾಯಬಾಗದ ಒಂದು ಡಿಪ್ಲೊಮಾ ಕಾಲೇಜು ಅಷ್ಟರಲ್ಲೇ ಸೇರಿದ್ದರಿಂದ ಐದಕ್ಕೆ ಕೊರತೆಯಾಗಿರಲಿಲ್ಲ. ಅದರ ಹುಡುಗರು ಚೆಂಡಿಗಿಂತ ಮೊದಲು ನೆಟ್ಟಿನ ಎತ್ತರ ಅಳೆಯುತ್ತಾರೆ. ಏಳನೆಯ ತಗಡು ಕಳೆದ ವರ್ಷ ಬಂತು: ಅಂಕಲಿ. ಹೊಸ ಕಾಲೇಜು. ಹಚ್ಚಿದವನು ಅದರ ದೈಹಿಕ ಶಿಕ್ಷಣ ನಿರ್ದೇಶಕ ಸಂದೀಪ ಕಾಂಬಳೆ. ಅವನ ತಾಯಿ ಹೊಸ ಸೀರೆಯುಟ್ಟು ಬಂದು ಹಲಗೆಯನ್ನು ಹಿಡಿದುಕೊಂಡಿದ್ದರು. ಸುತ್ತಿಗೆ ಕೊಟ್ಟೆ. ಸಂದೀಪ ಬೇಡವೆಂದು ಒಂದು ಕಲ್ಲು ಹುಡುಕಿಕೊಂಡು ಬಂದ. ನಾನು ಅಲ್ಲಿ ಯಾರ ಧ್ವನಿಯನ್ನೂ ತೆಗೆಯಲಿಲ್ಲ, ಒಂದೊಂದಾಗಿ ಮೊಳೆ ಅವನ ಕೈಗೆ ಕೊಟ್ಟೆ.

ನನ್ನ ಬೀಳ್ಕೊಡುಗೆ ಕಾಗವಾಡದ ಮೈದಾನದಲ್ಲಿ ಆಯಿತು. ಡಾಕ್ಟರು ತಿಂಗಳ ಮಟ್ಟಿಗೆ ಮೌನ ಬರೆದುಕೊಟ್ಟಿದ್ದರು. ಕೊರಳಿಗೆ ಮಾಲೆ, ಬಾಯಿಗೆ ಬೀಗ. ಅಂಕಲಿ ಮತ್ತು ರಾಯಬಾಗದ ಪಂದ್ಯ ನಡೆದಿತ್ತು. ನಾನು ಚೌಗಲಾ ಸರ್ ಪಕ್ಕ ಕುಳಿತು, ಮೈಕ್ ಇಲ್ಲದೆ ಆಟ ನೋಡುವುದು ಹೇಗೆ ಎಂದು ಕಲಿಯುತ್ತಿದ್ದೆ.

ಆಗ ಬಾಕ್ಸಿನಿಂದ ಒಂದು ಧ್ವನಿ ಬಂತು. ಅರ್ಧ ಮೂಗಿನದು. ಬಸ್ಸು ತಪ್ಪಿದವನ ಹಾಗೆ ಓಡುವ ಧ್ವನಿ, ಮಾತು ಮುಗಿಯುವ ಮೊದಲೇ ತಾನೇ ನಗುವ ಧ್ವನಿ. "ಅಂಕಲಿ ಹನ್ನೊಂದು, ರಾಯಬಾಗ ಒಂಬತ್ತು, ಇಷ್ಟ ಉಂಡ್ರೂ ಒಂಬತ್ತ ಏನ್ರೋ?" ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಗೆ ಎದ್ದಿತು. ಸಂದೀಪ ಹೊಟ್ಟೆ ಹಿಡಿದುಕೊಂಡಿದ್ದ. ಅವನ ತಾಯಿ ಸೆರಗು ಬಾಯಿಗೆ ಹಿಡಿದು ನನ್ನ ಕಡೆಯೇ ನೋಡುತ್ತಿದ್ದರು.

ಯಾರನ್ನೋ ಬಹಳ ಚೆನ್ನಾಗಿ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಯಾರನ್ನು ಎಂಬುದು ಮಾತ್ರ ಹೊಳೆಯಲಿಲ್ಲ. ಈ ಊರುಗಳಲ್ಲಿ ನನಗೆ ಗೊತ್ತಿಲ್ಲದ ಧ್ವನಿ! ತಡೆಯಲಾಗಲಿಲ್ಲ. ಡಾಕ್ಟರ ಆಜ್ಞೆ ಮುರಿದು ಚೌಗಲಾ ಸರ್ ಕಿವಿಯಲ್ಲಿ ಪಿಸುಗುಟ್ಟಿದೆ: "ಯಾರ್ರಿ ಸರ್ ಇದು? ಎಲ್ಲಾರೂ ಗುರುತ ಹಿಡದಾರ, ನನಗ ಒಬ್ಬಗ ಗೊತ್ತಾಗವಲ್ದು."

ಚೌಗಲಾ ಸರ್ ನನ್ನ ಕಡೆ ತಿರುಗಿದರು.

"ಹುಚ್ಚಾ, ನೀನಲೇ ಬಾಳಾಸಾಹೇಬಾ."

ತಿರುಗಿ ನೋಡಿದೆ. ಮೈಕ್ ಹಿಡಿದು ನಿಂತವರು ಖೋತ ಸರ್. ಚೆಂಡು ನೆಲದ ಮೇಲಿತ್ತು. ಅದು ಬೀಳುವವರೆಗೆ ಅವರು ಕಾದಿದ್ದರು.